ಗ್ಯಾರೇಜ್ ಕಂಡರೆ ಗಪ್‌ಚುಪ್

ಚಿಕ್ಕಮಗಳೂರಿನ ಜನವರಿ ಚಳಿ ಗೊತ್ತಲ್ಲ. ಬೆಳಿಗ್ಗೆ ಹಾಸಿಗೆ ಬಿಟ್ಟು ಏಳೋಕೆ ಮನುಷ್ಯರಿಗೇ ಮನಸ್ಸು ಬರುವುದಿಲ್ಲ. ನಮ್ಮ 11 ವರ್ಷದ ಪೆಟ್ರೋಲ್ ಕಾರಿಗೆ ಮಾತ್ರ ಯಾಕೆ ಬರಬೇಕು? ಕೀ ತಿರುಗಿಸಿದರೆ ಮೊದಲು ಸ್ಟೀರಿಂಗ್ ನಡುಗುತ್ತದೆ, ಆಮೇಲೆ ಸೀಟು. ಅದರ ಹಿಂದೆಯೇ ಕೆಳಗಿನಿಂದ ಒಂದು ಸದ್ದು. ತಗಡಿನ ಡಬ್ಬಿಗೆ ಹುರಿಗಡಲೆ ಹಾಕಿ ಅಲ್ಲಾಡಿಸಿದ ಹಾಗೆ, ಝರ್ರ್ ಝರ್ರ್.

ಡ್ಯಾಶ್‌ಬೋರ್ಡ್ ಮೇಲೆ ನಮ್ಮ ಕಡೆ ಮುಖ ಮಾಡಿ ಕೂತ ಪುಟ್ಟ ಗಣಪ ಒಬ್ಬನಿದ್ದಾನೆ. ಆ ನಡುಕಕ್ಕೆ ಅವನು ಕೂತಲ್ಲೇ ಮೆಲ್ಲಗೆ ತಿರುಗಲು ಶುರು ಮಾಡುತ್ತಾನೆ. ನಾನು ಗಾಜಿನ ಇಬ್ಬನಿ ಒರೆಸಿ ಮುಗಿಸುವಷ್ಟರಲ್ಲಿ ನಮಗೆ ಬೆನ್ನು ಹಾಕಿ ರಸ್ತೆ ನೋಡುತ್ತಿರುತ್ತಾನೆ. ಹೆಂಡತಿ ದಿನಾ ಅವನನ್ನು ಸರಿ ಮಾಡುತ್ತಾಳೆ. ಒಂದು ದಿನ ಕೈ ಬಿಟ್ಟಳು.

“ದೇವರೇ ಮುಖ ತಿರುಗಿಸ್ಕೊಂಡ ಮೇಲೆ ಇನ್ನೇನ್ರೀ ನೋಡ್ತೀರ? ಗ್ಯಾರೇಜಿಗೆ ಹೋಗಿ.”

ತಾಪತ್ರಯ ಇರೋದೇ ಅಲ್ಲಿ. ಇದೆಲ್ಲ ಐದೇ ನಿಮಿಷದ ಆಟ. ಗ್ಯಾರೇಜ್ ಇರುವುದು 6 ಕಿಲೋಮೀಟರ್ ದೂರ. ಅಲ್ಲಿ ಮುಟ್ಟುವ ಹೊತ್ತಿಗೆ ಎಂಜಿನ್ ಬಿಸಿಯಾಗಿ, ಇನ್‌ಸ್ಪೆಕ್ಟರ್ ಬಂದಾಗ ಕೈ ಕಟ್ಟಿ ಕೂರುವ ಸ್ಕೂಲ್ ಹುಡುಗನ ಹಾಗೆ ತೆಪ್ಪಗಿರುತ್ತದೆ. ಮೆಕ್ಯಾನಿಕ್ ಬಾನೆಟ್ ಎತ್ತಿದ. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿದ.

“ಏನೂ ಇಲ್ವಲ್ಲ ಸರ್.”

“ಬೆಳಿಗ್ಗೆ ಇತ್ತು.”

“ಎಂಥ ಸೌಂಡು? ಟಕ್ ಟಕ್ಕಾ, ಕೀಂಯ್ ಅಂತಾನಾ?”

ಬಾಯಲ್ಲೇ ಮಾಡಿ ತೋರಿಸಿದೆ. ಮೊದಲ ಸಲ ಸರಿ ಬರಲಿಲ್ಲ. ಎರಡನೇ ಸಲ ಕೆನ್ನೆ ಉಬ್ಬಿಸಿ, ಭುಜ ಅಲ್ಲಾಡಿಸಿ, ನಡುಕವನ್ನೂ ಸೇರಿಸಿದೆ. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಇಬ್ಬರು ಲೋಟ ಕೆಳಗಿಟ್ಟು ನೋಡಿದರು.

ಮರುದಿನ ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡು ಹೋದೆ. ಅದರಲ್ಲಿ ಕಾಗೆ ಇತ್ತು, ಪಕ್ಕದ ಮನೆ ಕುಕ್ಕರ್ ಇತ್ತು, “ಗ್ಯಾಸ್ ಬುಕ್ ಮಾಡಿದ್ರಾ?” ಎಂಬ ಹೆಂಡತಿಯ ದನಿ ಸ್ಪಷ್ಟವಾಗಿ ಇತ್ತು. ಸದ್ದು ಮಾತ್ರ ಇರಲಿಲ್ಲ. ಅಷ್ಟರಲ್ಲಿ ಬೀದಿಯವರ ಸಲಹೆಗಳೂ ಬಂದವು. ಎದುರು ಮನೆ ಮೇಷ್ಟ್ರು ಬೆಲ್ಟ್ ಅಂದರು. ಮಹಡಿ ಮನೆ ಹುಡುಗ ಎಂಜಿನ್ ಒಳಗೆ ವಾಲ್ವ್ ಒತ್ತುವ ಟ್ಯಾಪೆಟ್ ಅಂದ. ಹಾಲಿನವನು ಮಾರಿಬಿಡಿ ಅಂದ.

ಮೆಕ್ಯಾನಿಕ್ ಎರಡನ್ನೂ ತಳ್ಳಿಹಾಕಿದ. “ಇಬ್ಬನಿಗೆ ಬೆಲ್ಟ್ ಒದ್ದೆಯಾದ್ರೆ ಕೀಂಯ್ ಅನ್ನುತ್ತೆ. ನೀವು ಮಾಡಿದ್ದು ಹಾಗಿರ್ಲಿಲ್ಲ. ರಾತ್ರಿ ಆಯಿಲ್ ಕೆಳಗೆ ಇಳಿದು ಟ್ಯಾಪೆಟ್ ಟಕಟಕ ಅಂದ್ರೂ ಆಯಿಲ್ ಏರಿದ ತಕ್ಷಣ ನಿಲ್ಲುತ್ತೆ, ಐದು ನಿಮಿಷ ಕಾಯಲ್ಲ. ಒಂದ್ ಕೆಲ್ಸ ಮಾಡಿ, ರಾತ್ರಿ ಗಾಡಿ ಇಲ್ಲೇ ಬಿಟ್ಟೋಗಿ. ತಣ್ಣಗಿರೋ ಎಂಜಿನ್ ನಾನೇ ಸ್ಟಾರ್ಟ್ ಮಾಡ್ತೀನಿ.”

ಇಷ್ಟು ಸರಳ! ನನ್ನ ಕಂಠದಾನವೆಲ್ಲ ದಂಡ.

ಮರುದಿನ ಆರೂವರೆಗೆ ಫೋನ್. “ಸರ್, ಬಂತು! ಕೇಳಿ.” ಸ್ಪೀಕರ್ ಹಾಕಿದೆ. ಝರ್ರ್ ಝರ್ರ್. ಹಾಸ್ಟೆಲಲ್ಲಿರೋ ಮಗ ಫೋನಲ್ಲಿ ಪದ್ಯ ಹೇಳುತ್ತಿರುವ ಹಾಗೆ ನಾವಿಬ್ಬರೂ ರಗ್ಗು ಹೊದ್ದುಕೊಂಡು ಕೇಳಿದೆವು. “ನಮ್ದೇ” ಎಂದಳು ಹೆಂಡತಿ.

ಸದ್ದು ಸೈಲೆನ್ಸರ್ ಪೈಪಿನ ಬಿಸಿ ತಡೆಯುವ ಹೀಟ್ ಶೀಲ್ಡ್ ತಗಡಿನದು. ಬೋಲ್ಟ್ ಹತ್ತಿರ ತುಕ್ಕು ತಿಂದು ಸಡಿಲವಾಗಿತ್ತು. ಬಿಸಿ ಏರಿದರೆ ಪೈಪು, ತಗಡು ಎರಡೂ ಹಿಗ್ಗಿ ಬಿಗಿಯಾಗಿ ಕೂರುತ್ತಿದ್ದವು, ಸದ್ದು ಬಂದ್. ನಡುಕ ಎಂಜಿನ್ ಅನ್ನು ಗಾಡಿಗೆ ಕೂರಿಸುವ ಮೌಂಟಿಂಗ್‌ನದು. ಅದರ ರಬ್ಬರು ವಯಸ್ಸಾಗಿ ಕಲ್ಲಾಗಿತ್ತು, ಚಳಿಗೆ ಇನ್ನಷ್ಟು ಸೆಟೆಯುತ್ತಿತ್ತು. ಎಂಜಿನ್ ತಣ್ಣಗಿದ್ದಾಗ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಎಷ್ಟು ಸುತ್ತು ಎಂಬ ಲೆಕ್ಕ) ಮುಳ್ಳು 1,300ರ ಹತ್ತಿರ ಇರುತ್ತದೆ, ಬಿಸಿಯಾದ ಮೇಲೆ 800ಕ್ಕೆ ಇಳಿಯುತ್ತದೆ. ಆ ಮೊದಲ ಐದು ನಿಮಿಷದ ಅಬ್ಬರವನ್ನು ರಬ್ಬರು ನುಂಗದೆ ಸೀದಾ ನಮ್ಮ ಸೀಟಿಗೆ ಕಳಿಸುತ್ತಿತ್ತು. ತಗಡಿಗೆ ಒಂದು ಕ್ಲಿಪ್, ಎಂಜಿನ್‌ಗೆ ಹೊಸ ಮೌಂಟಿಂಗ್, ಅಷ್ಟೇ. ಕ್ಲಿಪ್ಪಿನ ಬೆಲೆ ಹೇಳಿದರೆ ನಗುತ್ತೀರಿ. ಮೌಂಟಿಂಗ್ ಬೆಲೆ ಹೇಳಿದರೆ ನಗುವುದಿಲ್ಲ.

ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದೆ. ಸದ್ದಿಲ್ಲ. ಹೆಂಡತಿ ಗಣಪನನ್ನೇ ದಿಟ್ಟಿಸಿದಳು. ಗೇಟು ದಾಟಿತು, ತಿರುವು ದಾಟಿತು, ಗಣಪ ಮುಖ ಕದಲಿಸಲಿಲ್ಲ.

“ನಿಜ ಹೇಳಿ, ಗಮ್ ಹಾಕಿ ಅಂಟಿಸಿದ್ರಾ?”