ಸಂಬಳ ವರ್ಷಕ್ಕೆ ಎಷ್ಟು ತಿಂಗಳು?

ಥಾಯ್ಲೆಂಡಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ಹೊರಡುವವರಿಗಾಗಿ ಬರೆದ ಲೇಖನವೊಂದರಲ್ಲಿ ಲೇಖಕರು ತಿಂಗಳ ಸಂಬಳವನ್ನು ಬಾತ್‌ನಿಂದ ರೂಪಾಯಿಗೆ ಪರಿವರ್ತಿಸಿ ತೋರಿಸಿದ್ದಾರೆ. ಆದರೆ ಆ ಸಂಬಳ ವರ್ಷಕ್ಕೆ ಎಷ್ಟು ತಿಂಗಳು ಕೈಸೇರುತ್ತದೆ ಎಂಬುದನ್ನು ಹೇಳಿಲ್ಲ. ಅಲ್ಲಿ ಶಾಲೆಗಳು ಮೇ ಮಧ್ಯದಲ್ಲಿ ಆರಂಭವಾಗಿ ಮಾರ್ಚ್ ವೇಳೆಗೆ ಮುಗಿಯುತ್ತವೆ. ಏಜೆನ್ಸಿಯ ಮೂಲಕ ಸೇರಿದವರಿಗೆ 10 ಅಥವಾ 11 ತಿಂಗಳ ಕರಾರು ಸಿಗುವುದು ಸಾಮಾನ್ಯವಾದ್ದರಿಂದ, ರಜೆಯ ದಿನಗಳ ಮನೆ ಬಾಡಿಗೆಯೂ ಊಟದ ಖರ್ಚೂ ನಮ್ಮ ಉಳಿತಾಯದಿಂದಲೇ ಹೋಗುತ್ತವೆ. ಅಲ್ಲಿ ನೆಲೆಸುವ ಅನುಮತಿಯೂ ಆ ಕೆಲಸಕ್ಕೇ ಅಂಟಿಕೊಂಡಿರುವುದರಿಂದ ಕರಾರು ಮುಗಿದೊಡನೆ ವೀಸಾದ ಚಿಂತೆ ಶುರುವಾಗುತ್ತದೆ. ಅದೇ ತರಗತಿ, ಅದೇ ಪಾಠವಾದರೂ ಬ್ರಿಟನ್ ಅಥವಾ ಅಮೆರಿಕದ ಪಾಸ್‌ಪೋರ್ಟ್ ಇರುವವರಿಗಿಂತ ಭಾರತೀಯರಿಗೆ ಕಡಿಮೆ ಸಂಬಳ ಕೊಡುವ ಶಾಲೆಗಳು ಅನೇಕ. ಇದು ಅನ್ಯಾಯವೇ ಸರಿ, ಆದರೂ ಲೆಕ್ಕಕ್ಕೆ ಹಿಡಿಯಲೇಬೇಕು.

‘ಸದ್ಯ ಪ್ರವಾಸಿ ವೀಸಾದಲ್ಲಿ ಬನ್ನಿ, ಉಳಿದದ್ದನ್ನು ಆಮೇಲೆ ನೋಡೋಣ’ ಎನ್ನುವ ಏಜೆಂಟರ ಮಾತಿಗೆ ಮಾತ್ರ ಕಿವಿಗೊಡಬಾರದು. ವರ್ಕ್ ಪರ್ಮಿಟ್ ಇಲ್ಲದೆ ಪಾಠ ಮಾಡುವುದು ಅಲ್ಲಿ ಅಪರಾಧ. ಸಿಕ್ಕಿಬಿದ್ದರೆ ದಂಡ ತೆತ್ತು ದೇಶ ಬಿಡಬೇಕಾದವರು ಶಿಕ್ಷಕರೇ ಹೊರತು ಏಜೆಂಟರಲ್ಲ. ಕೆಲಸಕ್ಕೆ ಬರುವವರಿಗೆ ಕೊಡುವ ನಾನ್-ಇಮಿಗ್ರೆಂಟ್ ಬಿ ವೀಸಾಕ್ಕೆ ಬೇಕಾದ ಪತ್ರಗಳನ್ನು ಶಾಲೆಯೇ ಕಳುಹಿಸುತ್ತದೆಯೇ, ಅಲ್ಲಿನ ಶಿಕ್ಷಕರ ಮಂಡಳಿಯಿಂದ ಪರವಾನಗಿ ಅಥವಾ ತಾತ್ಕಾಲಿಕ ವಿನಾಯಿತಿಯನ್ನು ಯಾರು ಕೊಡಿಸುತ್ತಾರೆ ಎಂಬುದನ್ನು ವಿಮಾನದ ಟಿಕೆಟ್ ಕೊಳ್ಳುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ.