ಸ್ಕೋರ್ ಹೇಳಿ, ಕಾರಣವನ್ನೂ ಹೇಳಿ

“ಗೆಲ್ಲುವುದು ನಮ್ಮವರೇ, ಅನುಮಾನವೇ ಬೇಡ” ಎಂಬ ಮಾತನ್ನು ನಾನು ಭವಿಷ್ಯ ಎಂದು ಒಪ್ಪುವುದಿಲ್ಲ. ಅದು ಹಾರೈಕೆ, ಹಾರೈಸುವ ಹಕ್ಕು ಎಲ್ಲರಿಗೂ ಇದೆ. ಆದರೆ ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನ ಪ್ಲೇಆಫ್ ಪಂದ್ಯದ ಭವಿಷ್ಯ ಹೇಳುತ್ತೇನೆಂದು ಹೊರಟವರು ಅಂಕ ಹೇಳಬೇಕು, ಕಾರಣ ಹೇಳಬೇಕು, ಪಂದ್ಯ ಮುಗಿದ ಮೇಲೆ ಬರೆದದ್ದನ್ನು ಅಳಿಸದೆ ಬಿಡಬೇಕು. ಅಮೆರಿಕದ ಡೆಟ್ರಾಯಿಟ್ ಪಕ್ಕದಲ್ಲಿ ಬದುಕಿ, ಆ ಊರಿನ ತಂಡವಾದ ಲಯನ್ಸ್ ಅಭಿಮಾನಿಗಳ ನಡುವೆ ಕೂತು ಆಟ ನೋಡುತ್ತಾ ಬಂದ ನನಗೆ ಈ ವಿಷಯದಲ್ಲಿ ರಾಜಿ ಮಾಡಿಕೊಳ್ಳಲು ಮನಸ್ಸಿಲ್ಲ.

ಈ ಆಟ ನೋಡದ ಗೆಳೆಯರಿಗೆ ಎರಡು ಮಾತು. ಲೀಗ್‌ನಲ್ಲಿ 32 ತಂಡಗಳಿವೆ. ತಲಾ 17 ಪಂದ್ಯಗಳಾದ ಮೇಲೆ 14 ತಂಡಗಳು ಪ್ಲೇಆಫ್‌ಗೆ ಬರುತ್ತವೆ. ಅಲ್ಲಿಂದ ಮುಂದೆ ಒಂದು ಸೋಲು, ನೇರ ಮನೆಗೆ. ಐಪಿಎಲ್‌ನಲ್ಲಿ ಮೊದಲೆರಡು ಸ್ಥಾನದವರಿಗೆ ಸೋತರೂ ಇನ್ನೊಂದು ಅವಕಾಶವಿರುತ್ತದೆ. ಇಲ್ಲಿನ ಬ್ಯಾಸ್ಕೆಟ್‌ಬಾಲ್‌ನಲ್ಲಿ ಏಳರಲ್ಲಿ ನಾಲ್ಕು ಗೆದ್ದವರು ಮುಂದೆ ಹೋಗುತ್ತಾರೆ. ಫುಟ್‌ಬಾಲ್‌ನಲ್ಲಿ ಆ ದಯೆ ಇಲ್ಲ. ಹಾಗಾಗಿ ಸರಿಯಾಗಿ ಊಹಿಸುವುದು ನಿಜಕ್ಕೂ ಕಷ್ಟ, ಕಷ್ಟವಾಗಿರುವುದರಿಂದಲೇ ಅದನ್ನು ಶ್ರದ್ಧೆಯಿಂದ ಮಾಡಬೇಕು ಎನ್ನುತ್ತೇನೆ.

ಅಂಕದಲ್ಲಿ ಎಷ್ಟು ವಿಚಾರ ಅಡಗಿರುತ್ತದೆ ನೋಡಿ. ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವ ಟಚ್‌ಡೌನ್‌ಗೆ ಆರು, ಅದರ ಮೇಲಿನ ಒದೆತಕ್ಕೆ ಒಂದು, ಚೆಂಡನ್ನು ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್‌ಗೆ ಮೂರು. ಯಾರಾದರೂ 24-23 ಎಂದು ಬರೆದರೆ ನಾನು ತಕ್ಷಣ ಬಿಡಿಸಿ ನೋಡುತ್ತೇನೆ. 24 ಅಂದರೆ ಒದೆತ ಸೇರಿ ಮೂರು ಟಚ್‌ಡೌನ್, ಒಂದು ಫೀಲ್ಡ್ ಗೋಲ್. 23 ಅಂದರೆ ಎರಡು ಟಚ್‌ಡೌನ್, ಮೂರು ಫೀಲ್ಡ್ ಗೋಲ್. ಅಂದರೆ ಬರೆದವರು ಹೇಳುತ್ತಿರುವುದು ಇದು: ಎದುರಾಳಿ ಮತ್ತೆ ಮತ್ತೆ ನಮ್ಮ ಗೆರೆಯ ಹತ್ತಿರ ಬರುತ್ತಾರೆ, ಆದರೆ ಮೂರು ಸಲ ನಮ್ಮ ಡಿಫೆನ್ಸ್ ಅಲ್ಲೇ ತಡೆದು ನಿಲ್ಲಿಸುತ್ತದೆ, ಅವರು ಮೂರು ಮೂರು ಅಂಕಕ್ಕೆ ತೃಪ್ತಿಪಡಬೇಕಾಗುತ್ತದೆ.

2024ರ ಜನವರಿ 14ರ ರಾತ್ರಿ ಡೆಟ್ರಾಯಿಟ್‌ನಲ್ಲಿ ಆದದ್ದು ಅಕ್ಷರಶಃ ಅದೇ. ಲಯನ್ಸ್ 24, ಲಾಸ್ ಏಂಜಲೀಸ್ ರ್‍ಯಾಮ್ಸ್ 23. ರ್‍ಯಾಮ್ಸ್ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಆಟಗಾರ) ಮ್ಯಾಥ್ಯೂ ಸ್ಟಾಫರ್ಡ್ ಹನ್ನೆರಡು ಋತು ಲಯನ್ಸ್‌ಗೆ ಆಡಿದವರು. ಅವರನ್ನು ಕೊಟ್ಟು ತಂದ ಜ್ಯಾರೆಡ್ ಗಾಫ್ ಈಗ ನಮ್ಮ ಕ್ವಾರ್ಟರ್‌ಬ್ಯಾಕ್. ಇಡೀ ಕ್ರೀಡಾಂಗಣ ಗಾಫ್ ಹೆಸರನ್ನು ಕೂಗುತ್ತಿತ್ತು. 1992ರ ಜನವರಿಯ ನಂತರ ಲಯನ್ಸ್ ಗೆದ್ದ ಮೊದಲ ಪ್ಲೇಆಫ್ ಪಂದ್ಯ ಅದು. ನಡುವೆ 2008ರಲ್ಲಿ ಹದಿನಾರಕ್ಕೆ ಹದಿನಾರೂ ಸೋತ ತಂಡ. ಹಾಗಾಗಿ ಇಲ್ಲಿನ ಹಳೆಯ ಅಭಿಮಾನಿಗಳು ತಮ್ಮ ತಂಡ ಸೋಲುತ್ತದೆ ಎಂದೇ ಭವಿಷ್ಯ ಹೇಳುತ್ತಾರೆ. ಗೆಲ್ಲುತ್ತದೆ ಎಂದರೆ ಎಲ್ಲಿ ದೃಷ್ಟಿ ತಗಲುತ್ತದೋ ಎಂಬ ಭಯ. ಆರ್‌ಸಿಬಿಗಾಗಿ ಹದಿನೇಳು ಋತು ಕಾದ ನಮ್ಮ ಕನ್ನಡಿಗರಿಗೆ ಈ ಭಯವನ್ನು ಯಾರೂ ವಿವರಿಸಬೇಕಿಲ್ಲ. ನಾವು ಮಾತ್ರ ಪ್ರತಿ ವರ್ಷವೂ ಕಪ್ ನಮ್ಮದೇ ಎಂದು ಕೂಗಿ ಹೇಳಿದೆವು, ಇವರು ಸೋಲುತ್ತೇವೆಂದೇ ಹೇಳುತ್ತಾ ಕೂತರು. ಎರಡರ ಹಿಂದಿನ ಪ್ರೀತಿ ಒಂದೇ.

ಆದರೆ ಪ್ರೀತಿ ಕಣ್ಣು ಕಟ್ಟಬಾರದು. ಒಂದು ವರ್ಷದ ನಂತರ ಇದೇ ಲಯನ್ಸ್ 15 ಗೆದ್ದು 2 ಸೋತು ಅಗ್ರಸ್ಥಾನದಲ್ಲಿತ್ತು. ಎದುರಿಗೆ ವಾಷಿಂಗ್ಟನ್, ಅವರ ಕ್ವಾರ್ಟರ್‌ಬ್ಯಾಕ್ ಜೇಡನ್ ಡೇನಿಯಲ್ಸ್‌ಗೆ ಅದು ಮೊದಲ ವರ್ಷ. ಸುತ್ತಲಿನ ಬಹುತೇಕರು ಲಯನ್ಸ್‌ಗೆ ಭಾರಿ ಗೆಲುವನ್ನೇ ಬರೆದರು. ಲಯನ್ಸ್ ಡಿಫೆನ್ಸ್‌ನ ಏಡನ್ ಹಚಿನ್‌ಸನ್ ಅಕ್ಟೋಬರ್‌ನಲ್ಲೇ ಕಾಲು ಮುರಿದುಕೊಂಡಿದ್ದರು, ಅವರ ಹಿಂದೆ ಇನ್ನೂ ಹಲವರು ಗಾಯಗೊಂಡಿದ್ದರು. ಈ ಡಿಫೆನ್ಸ್ ಯಾರನ್ನೂ ತಡೆಯಲಾರದು ಎಂದು ಬರೆದ ಕೆಲವರನ್ನು ಉಳಿದವರು ದ್ರೋಹಿಗಳಂತೆ ಕಂಡರು. ಪಂದ್ಯ ಮುಗಿದಾಗ ವಾಷಿಂಗ್ಟನ್ 45, ಲಯನ್ಸ್ 31. ಐದು ಸಲ ಚೆಂಡನ್ನು ಎದುರಾಳಿಗೆ ಒಪ್ಪಿಸಿದ್ದೂ ಸೇರಿತು ನಿಜ, ಆದರೆ ಆ ಕೆಲವರು ಹೇಳಿದ ಕಾರಣ ಗಟ್ಟಿಯಾಗಿತ್ತು. ತನ್ನ ತಂಡದ ದೌರ್ಬಲ್ಯವನ್ನು ಕಣ್ಣುಬಿಟ್ಟು ನೋಡಿ ಹೇಳುವವನನ್ನು ನಾನು ದೊಡ್ಡ ಅಭಿಮಾನಿ ಎನ್ನುತ್ತೇನೆ.

ಕಾರಣ ಸರಿಯಿದ್ದೂ ಫಲಿತಾಂಶ ತಪ್ಪುವುದುಂಟು, ಅದಕ್ಕೆ ನಾಚಬೇಕಿಲ್ಲ. 2024ರ ಜನವರಿ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿರುದ್ಧ ಲಯನ್ಸ್ ಅರ್ಧ ಆಟಕ್ಕೆ 24-7 ಮುಂದಿತ್ತು. ಮೂರನೇ ಕ್ವಾರ್ಟರ್‌ನಲ್ಲಿ ಎದುರಾಳಿಗಳು ಎಸೆದ ಉದ್ದದ ಪಾಸ್ ನಮ್ಮ ಆಟಗಾರ ಕಿಂಡಲ್ ವಿಲ್ಡರ್ ಕೈಗೆ ಸಿಗಬೇಕಿತ್ತು. ಚೆಂಡು ಅವರ ಕೈ ತಪ್ಪಿಸಿ ಹೆಲ್ಮೆಟ್ಟಿನ ಮುಂಭಾಗಕ್ಕೆ ಬಡಿದು ಮೇಲಕ್ಕೆ ಪುಟಿಯಿತು. ಬ್ರ್ಯಾಂಡನ್ ಐಯುಕ್ ಮುಂದಕ್ಕೆ ಬಿದ್ದು ಹಿಡಿದರು. 51 ಗಜ. ಕೊನೆಗೆ 34-31ರಿಂದ ಸೋತೆವು. ಅದನ್ನು ಯಾವ ಅಭಿಮಾನಿ, ಯಾವ ಕಂಪ್ಯೂಟರ್ ಮೊದಲೇ ಬರೆದಿಡಲು ಸಾಧ್ಯ? 2017ರ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗ್‌ನ ಫೈನಲ್‌ನಲ್ಲಿ, ಅಟ್ಲಾಂಟಾ 28-3 ಮುಂದಿದ್ದಾಗ ಗೆಲುವಿನ ಸಾಧ್ಯತೆ ಶೇ. 99 ದಾಟಿದೆ ಎಂದು ಲೆಕ್ಕಾಚಾರದ ಮಾದರಿಗಳು ಹೇಳಿದ್ದವು. ಗೆದ್ದದ್ದು ನ್ಯೂ ಇಂಗ್ಲೆಂಡ್, 34-28.

ನನ್ನನ್ನು ನಿಜವಾಗಿ ಕಾಡುವುದು ಬೇರೆ. 2018ರ ಮೇ ತಿಂಗಳಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಕ್ರೀಡಾ ಬೆಟ್ಟಿಂಗ್ ತಡೆಯುತ್ತಿದ್ದ ಹಳೆಯ ಕೇಂದ್ರ ಕಾನೂನನ್ನು ರದ್ದು ಮಾಡಿ, ಬೆಟ್ಟಿಂಗ್‌ಗೆ ಅನುಮತಿ ಕೊಡುವುದನ್ನು ರಾಜ್ಯಗಳಿಗೆ ಬಿಟ್ಟಿತು. ನಮ್ಮ ಮಿಷಿಗನ್ ರಾಜ್ಯದಲ್ಲಿ 2021ರ ಜನವರಿಯಿಂದ ಮೊಬೈಲ್‌ನಲ್ಲೇ ಬೆಟ್ ಕಟ್ಟಬಹುದು. ಅಂದಿನಿಂದ ಮಾತಿನ ಧಾಟಿಯೇ ಬದಲಾಗಿದೆ. ಯಾರು ಗೆಲ್ಲುತ್ತಾರೆ, ಯಾಕೆ ಎಂದು ಕೇಳುವವರು ಕಡಿಮೆಯಾಗಿ, ಸ್ಪ್ರೆಡ್ (ಇಷ್ಟು ಅಂಕಗಳ ಅಂತರದಿಂದ ಗೆಲ್ಲಬೇಕೆಂದು ಬೆಟ್ಟಿಂಗ್‌ನವರು ಇಡುವ ಲೆಕ್ಕ) ದಾಟುತ್ತಾರಾ ಎಂದು ಕೇಳುವವರು ಹೆಚ್ಚಾಗಿದ್ದಾರೆ. ತಮ್ಮ ತಂಡ ಮೂರು ಅಂಕಗಳಿಂದ ಗೆದ್ದಾಗಲೂ ನಾಲ್ಕು ಬೇಕಿತ್ತೆಂದು ಮುಖ ಗಂಟಿಕ್ಕಿ ಕೂರುವವರನ್ನು ಕಂಡಿದ್ದೇನೆ. ಗೆದ್ದ ಸಂತೋಷವನ್ನೂ ಕಸಿಯುವ ಇಂಥ ಭವಿಷ್ಯ ಯಾರಿಗೆ ಬೇಕು?

ಊಹೆ ಸುಳ್ಳಾದಾಗ ಆಟಗಾರನ ಮೇಲೆ ಮುಗಿಬೀಳುವುದನ್ನಂತೂ ನಾನು ಸಹಿಸುವುದಿಲ್ಲ. 2024ರಲ್ಲಿ ಕ್ಯಾನ್ಸಸ್ ಸಿಟಿ ವಿರುದ್ಧ ಬಫಲೋದ ಟೈಲರ್ ಬ್ಯಾಸ್ 44 ಗಜದ ಫೀಲ್ಡ್ ಗೋಲ್ ಒದೆತವನ್ನು ಕೊನೆಯ ನಿಮಿಷಗಳಲ್ಲಿ ತಪ್ಪಿಸಿದರು. 27-24ರಿಂದ ಸೋಲು. ಬಂದ ಬೈಗುಳಗಳಿಗೆ ಅವರು ಸಾಮಾಜಿಕ ಜಾಲತಾಣದ ಖಾತೆಗಳನ್ನೇ ಮುಚ್ಚಬೇಕಾಯಿತು. ಅದೇ ವಾರ ಬಫಲೋದ ಇತರ ಅಭಿಮಾನಿಗಳು, ಬ್ಯಾಸ್ ಪ್ರಚಾರ ಮಾಡಿದ್ದ ಬೆಕ್ಕುಗಳ ಆಶ್ರಯಧಾಮಕ್ಕೆ ಅವರ ಹೆಸರಿನಲ್ಲಿ 22 ಡಾಲರ್‌ನಂತೆ ಕಳುಹಿಸತೊಡಗಿದರು. ಒಟ್ಟು ಮೊತ್ತ ಲಕ್ಷ ಡಾಲರ್ ದಾಟಿತು. ಆ ಸಂಜೆ ಬಫಲೋ ಗೆಲ್ಲಲೆಂದು ಆಸೆಪಟ್ಟವರೇ ಅವರು. ಊಹೆ ತಪ್ಪಿತೆಂದು ತಂಡವನ್ನಾಗಲಿ ಆಟಗಾರನನ್ನಾಗಲಿ ಅವರು ಕೈಬಿಡಲಿಲ್ಲ.

ಮುಂದಿನ ಪ್ಲೇಆಫ್‌ಗೂ ನಾನು ಪ್ರತಿ ಪಂದ್ಯಕ್ಕೆ ಮೊದಲು ಇಲ್ಲಿ ಅಂಕ ಬರೆಯುತ್ತೇನೆ, ಕೆಳಗೆ ಕಾರಣ ಬರೆಯುತ್ತೇನೆ. ನೀವೂ ಬರೆಯಿರಿ, ಲಯನ್ಸ್ ಸೋಲುತ್ತದೆ ಎಂದಾದರೂ ಸರಿ. ವಾದ ಮಾಡೋಣ. ಸ್ಪ್ರೆಡ್ ಎಷ್ಟು ಎಂದು ಮಾತ್ರ ನನ್ನನ್ನು ಕೇಳಬೇಡಿ.