480 ಗ್ರಾಂ ಹಾಸಿಗೆ

ಅಡುಗೆಮನೆ ತಕ್ಕಡಿ ಮೇಲೆ ನಾನು ಗಾಳಿ ತುಂಬುವ ಹಾಸಿಗೆ ತೂಗುತ್ತಿದ್ದೆ. ಮನೆಯವಳು ಕಡಲೆಹಿಟ್ಟಿನ ಡಬ್ಬಿ ಹಿಡಿದು ಹಿಂದೆ ಕಾಯುತ್ತಿದ್ದಳು.

"480 ಗ್ರಾಂ ಕಣೇ!" ಎಂದೆ.

"ನಿಮ್ಮ ಹೊಟ್ಟೆ ಎಷ್ಟಿದೆ ರೀ?"

ಆ ತಕ್ಕಡಿ ತೂಗುವುದು ಐದು ಕೆಜಿವರೆಗೆ ಮಾತ್ರ. ಬಚಾವಾದೆ.

ಹೊರಟಿದ್ದು ಲಡಾಖ್‌ಗೇನಲ್ಲ, ಪಾಂಡವಪುರದ ಹತ್ತಿರ ಗೆಳೆಯನ ತೋಟಕ್ಕೆ. ಮೈಸೂರಿಂದ ಮೂವತ್ತು ಕಿಲೋಮೀಟರ್ ಆಸುಪಾಸು. ಬೈಕಲ್ಲಿ ಹೋಗಿ ಬಯಲಲ್ಲಿ ಮಲಗಬೇಕು ಅನ್ನೋದು ಬಹಳ ದಿನದ ಆಸೆ. ಆ ಊರಿಗೂ ಇದು ಹೊಸದಲ್ಲ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬಿಡಾರ ಹೂಡಿದ್ದಕ್ಕೇ ಅದಕ್ಕೆ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು. ಅವರಲ್ಲಿ ಯಾರೂ ಹಾಸಿಗೆ ತೂಗಿರಲಿಕ್ಕಿಲ್ಲ ಬಿಡಿ.

ನಾನು ಒಂದು ತಿಂಗಳು ಓದಿದೆ. ಸ್ಲೀಪಿಂಗ್ ಬ್ಯಾಗ್ ಎಷ್ಟೇ ದಪ್ಪ ಇದ್ದರೂ ಬೆನ್ನ ಕೆಳಗೆ ಚಪ್ಪಟೆಯಾಗುತ್ತದೆ. ಒಳಗಿನ ಗಾಳಿ ಹೋದರೆ ಬೆಚ್ಚಗಿರುವುದೂ ಹೋಯಿತು. ಅದಕ್ಕೇ ಕೆಳಗೊಂದು ಮ್ಯಾಟ್ ಬೇಕು. ಮ್ಯಾಟ್‌ಗೆ ಆರ್-ವ್ಯಾಲ್ಯೂ ಅಂತ ಒಂದು ನಂಬರ್ ಇರುತ್ತದೆ. ಅದು ಜಾಸ್ತಿ ಇದ್ದಷ್ಟೂ ನೆಲದ ಚಳಿ ಕಡಿಮೆ ತಟ್ಟುತ್ತದೆ. ಫೋಮ್ ಮ್ಯಾಟ್ ಅಗ್ಗ, ತೂತಾದರೂ ಚಿಂತೆಯಿಲ್ಲ, ಹಗುರವೂ ಹೌದು. ಆದರೆ ಸುತ್ತಿಟ್ಟರೆ ದೊಡ್ಡ ದಿಂಬಿನಷ್ಟಾಗುತ್ತದೆ. ಗಾಳಿ ತುಂಬುವ ಮ್ಯಾಟ್ ಸುತ್ತಿಟ್ಟರೆ ನೀರಿನ ಬಾಟಲಿಯಷ್ಟೇ. ಅದನ್ನೇ ಕೊಂಡೆ. ಬೆಲೆ ಹೇಳಲ್ಲ, ಮನೆಯವಳು ಇದನ್ನು ಓದುತ್ತಾಳೆ.

ಆಮೇಲೆ ಗ್ರಾಂ ಹುಚ್ಚು ಹಿಡಿಯಿತು. 300 ಗ್ರಾಂ ಅಂತ ಸೊಳ್ಳೆಪರದೆ ಬಿಟ್ಟೆ. ಮ್ಯಾಟ್‌ಗೆ ಗಾಳಿ ಊದುವ ಚೀಲ 60 ಗ್ರಾಂ, ಬಿಟ್ಟೆ. ಪಂಕ್ಚರ್ ಪ್ಯಾಚ್ 20 ಗ್ರಾಂ, ಅದನ್ನೂ ಬಿಟ್ಟೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಮುರಿದೆ. ಇಷ್ಟೆಲ್ಲ ಮಾಡಿ ಹೇರಿದ್ದು ಯಾವುದರ ಮೇಲೆ? ನಮ್ಮ ಮೈಸೂರಲ್ಲೇ ಹುಟ್ಟಿದ ಹಳೇ ಯೆಜ್ಡಿ ಮೇಲೆ. ಕಾರ್ಖಾನೆ 1996ರಲ್ಲೇ ಮುಚ್ಚಿತು, ಗಾಡಿ ಮಾತ್ರ ಇನ್ನೂ ಹೊಗೆ ಬಿಡುತ್ತಿದೆ. ಕ್ವಿಂಟಾಲ್‌ಗೂ ಜಾಸ್ತಿ ಕಬ್ಬಿಣ. ಅದಕ್ಕೆ ನನ್ನ ಬ್ರಷ್ ಹಿಡಿ ಭಾರವಾಗುತ್ತಿತ್ತಾ?

ಡಿಸೆಂಬರ್ ರಾತ್ರಿ. ನಾಲೆ ಪಕ್ಕದಲ್ಲಿ ಕಬ್ಬು ಕಡಿದ ಗದ್ದೆ. ಬಾಯಲ್ಲೇ ಊದಿ ಊದಿ ಕಣ್ಣು ಕತ್ತಲೆ ಬಂತು. ಮಲಗಿದೆ. ಆಹಾ, ಪಲ್ಲಂಗ! ಆದರೆ ಮಗ್ಗುಲು ಬದಲಿಸಿದರೆ ಚಿಪ್ಸ್ ಪೊಟ್ಟಣ ಹಿಸುಕಿದ ಸದ್ದು. ಪಂಪ್‌ಸೆಟ್ ಮನೆ ನಾಯಿ ಬೊಗಳಿತು. ಇನ್ನೊಂದು ಮಗ್ಗುಲಿಗೆ ಇನ್ನೊಮ್ಮೆ ಬೊಗಳಿತು. ಗೆಳೆಯನ ಅಪ್ಪ ಒಳಗಿಂದ ಕೂಗಿದರು: "ಏನ್ಲಾ ಅದು ಕರಕರ ಅಂತದೆ, ಹಂದಿ ಬಂತಾ?"

ಎರಡು ಗಂಟೆಗೆ ಎಚ್ಚರವಾದಾಗ ಸೊಂಟ ನೆಲಕ್ಕೆ ತಾಗಿತ್ತು. ಬೆನ್ನಿಗೆ ಐಸ್ ಇಟ್ಟ ಹಾಗೆ. ಮುಖದ ತುಂಬಾ ಸೊಳ್ಳೆ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ತೊಟ್ಟಿ ಹತ್ತಿರ ಹೋಗಿ, ಮ್ಯಾಟ್‌ಗೆ ಬಟ್ಟೆ ಸೋಪಿನ ನೀರು ಸವರಿದೆ. ಒಂದು ಮೂಲೆಯಲ್ಲಿ ಸಾಸಿವೆಯಷ್ಟು ಗುಳ್ಳೆ. ಒಡೆಯಿತು. ಮತ್ತೆ ಸಾಸಿವೆಯಷ್ಟು. ಕಬ್ಬಿನ ಕೂಳೆ ಚುಚ್ಚಿತ್ತು. ಬ್ಯಾಂಡೇಜ್ ಅಂಟಿಸಿದೆ, ಒದ್ದೆಗೆ ನಿಲ್ಲಲಿಲ್ಲ.

ಅಪ್ಪ ಎದ್ದು ಬಂದು ನೋಡಿದರು. ಹಂದಿ ಅಲ್ಲ ಅಂತ ಸಮಾಧಾನವಾಯಿತೋ ಏನೋ, ಒಳಗಿಂದ ಒಂದು ಕರಿಕಂಬಳಿ ತಂದು ಎಸೆದರು. "ಬುಡಪ್ಪ ಅತ್ಲಾಗೆ ಆ ಬಲೂನ್ನ. ಇದ್ರಲ್ಲಿ ಮನೀಕೊ."

ಮೂರು ಕೆಜಿಯಾದರೂ ಇತ್ತು. ಕುರಿ ವಾಸನೆ, ಬೀಡಿ ವಾಸನೆ. ಅರ್ಧ ಹಾಸಿ ಅರ್ಧ ಹೊದ್ದೆ. ಬಿಸಿಲು ಮುಖಕ್ಕೆ ಬಡಿದಾಗಲೇ ಎಚ್ಚರ.

ಹೊರಡುವಾಗ "ಬರಿಗೈಲಿ ಕಳ್ಸಕಾಯ್ತದಾ" ಅಂತ ಯೆಜ್ಡಿಗೆ ಕಟ್ಟಿದರು ನೋಡಿ: ಆಲೆಮನೆ ಬೆಲ್ಲ ಐದು ಕೆಜಿ, ಹನ್ನೆರಡು ತೆಂಗಿನಕಾಯಿ, ಒಂದು ಬಾಳೆಗೊನೆ. ಗೊನೆ ಸೈಲೆನ್ಸರ್‌ಗೆ ತಾಗಿ ಬೇಯದಿರಲಿ ಅಂತ ಗೆಳೆಯ ನನ್ನ ಮ್ಯಾಟ್ ಮಡಚಿ ನಡುವೆ ತುರುಕಿದ.

ಗೊನೆಗೆ ಏನೂ ಆಗಲಿಲ್ಲ. ಮ್ಯಾಟ್ ಒಂದು ಕಡೆ ಕರಗಿ ಸೈಲೆನ್ಸರ್‌ಗೇ ಅಂಟಿಕೊಂಡಿತು. ಉಳಿದದ್ದನ್ನು ಕಿತ್ತು ತಂದು, ಮನೆಯವಳು ಸ್ನಾನಕ್ಕೆ ಹೋದಾಗ ಮೆಲ್ಲಗೆ ತಕ್ಕಡಿ ಮೇಲಿಟ್ಟೆ. 430 ಗ್ರಾಂ!